ಇಬ್ಬರು ಬೀಗರ ರಕ್ತ ಪರೀಕ್ಷೆ

ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ. ಕಾಫಿ, ಊಟ, ಯೋಗಕ್ಷೇಮ ಎಲ್ಲ ಆಮೇಲೆ. ಬಾಯಾರಿಕೆ ಇಲ್ಲದಿದ್ದರೂ ಒಂದು ಗುಟುಕು ಕುಡಿಯಬೇಕು, ಇಲ್ಲದಿದ್ದರೆ ಕೊಟ್ಟವರಿಗೆ ಅವಮಾನ. ಅದರಲ್ಲೂ ಬೀಗರ ಮನೆಯಲ್ಲಿ ನೀರು ಮುಟ್ಟದೆ ಎದ್ದು ಹೋದರೆ ಜಗಳಕ್ಕೆ ವೀಳ್ಯ ಕೊಟ್ಟ ಹಾಗೆಯೇ ಲೆಕ್ಕ. ನಮ್ಮಪ್ಪ ಮೂರು ವರ್ಷ ಬಿಡದೆ ಇದನ್ನೇ ಮಾಡಿದರು.

ನನ್ನ ತವರು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಟಿ. ನರಸೀಪುರಕ್ಕೆ ಕೊಟ್ಟರು. ನನಗೆ ಅಲ್ಲೇ ಪ್ರೈಮರಿ ಶಾಲೆಯಲ್ಲಿ ಕೆಲಸ, ಗಂಡನಿಗೆ ಕರೆಂಟ್ ಆಫೀಸಿನಲ್ಲಿ. ಮಾವ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಿವೃತ್ತರಾದದ್ದು ಸಂಬಳದ ಮಟ್ಟಿಗೆ ಮಾತ್ರ, ಮನೆಯಲ್ಲಿ ಕೊನೆಯವರೆಗೂ ಹೆಡ್‌ಮಾಸ್ಟರೇ. ಪೇಪರ್ ಓದುವಾಗ ತಪ್ಪಿದ್ದ ಕಡೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು. ಆ ಪೇಪರನ್ನು ಯಾರಿಗೆ ವಾಪಸು ಕೊಡುತ್ತೀರಿ ಎಂದು ನಾನು ಕೇಳಿದರೆ ನಗುತ್ತಿದ್ದರು. ನನ್ನ ಬಾಯಿ ಸ್ವಲ್ಪ ಜೋರು ಎಂದು ಅತ್ತೆಗೆ ಬೇಸರ, ಮಾವನಿಗೆ ಅದೇ ಇಷ್ಟ.

ಗೌರಿ ಹಬ್ಬದ ಹಿಂದಿನ ದಿನ ಅಪ್ಪ ಅರಿಶಿನ ಕುಂಕುಮ, ಸೀರೆ, ತೆಂಗಿನಕಾಯಿ, ಮನೆಯ ತುಪ್ಪ ಎಲ್ಲ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದರು. ಊರಿನಿಂದ ನಂಜನಗೂಡಿಗೆ ಒಂದು ಬಸ್ಸು, ಅಲ್ಲಿಂದ ನರಸೀಪುರಕ್ಕೆ ಇನ್ನೊಂದು. ಅಷ್ಟು ದೂರ ಬಿಸಿಲಲ್ಲಿ ಬಂದವರು ಜಗಲಿ ಮೇಲೆ ತುದಿಯಲ್ಲಿ ಕೂತು, ಅತ್ತೆ ನೀರು ತಂದರೆ "ಬ್ಯಾಡಿ ಬುಡಿ, ಈಗ್ತಾನೆ ಕುಡುದ್ನಿ" ಎನ್ನುತ್ತಿದ್ದರು. ಎಲ್ಲಿ ಕುಡಿದರು, ಬಸ್ಸಿನಲ್ಲೇ? ಕಾಫಿಯೂ ಬೇಡ, ಮಜ್ಜಿಗೆಯೂ ಬೇಡ. ಅರ್ಧ ಗಂಟೆ ಚಡಪಡಿಸಿ, ಚೀಲ ಕೊಡವಿ ಮಡಿಚಿಕೊಂಡು ಹೊರಟುಬಿಡುತ್ತಿದ್ದರು.

ನನ್ನ ಮದುವೆಯಲ್ಲಿ ಗಂಡಿನ ಕಡೆಯವರ ಎರಡನೇ ಪಂಕ್ತಿಗೆ ಪಾಯಸ ಸಾಲದೆ ಬಂದಿತ್ತು. ಅತ್ತೆ ಅದನ್ನು ನಾಲ್ಕು ಜನರ ಎದುರಿಗೆ ಆಡಿದ್ದರು. ಆ ಮಾತನ್ನೇ ಅಪ್ಪ ಮನಸ್ಸಿನಲ್ಲಿಟ್ಟುಕೊಂಡು ನೀರು ಬಿಟ್ಟಿದ್ದಾರೆ ಎಂದು ಮನೆಯವರೆಲ್ಲ ತೀರ್ಮಾನ ಮಾಡಿದರು. "ನಿಮ್ಮಪ್ಪಂಗೆ ನಮ್ಮನೆ ನೀರು ಗಂಟ್ಲಲ್ಲಿ ಇಳಿಯಕ್ಕಿಲ್ವಾ?" ಎಂದು ಅತ್ತೆ ಕೇಳಿದಾಗ ನಾನು, "ಪಾಯಸ ಇಳಿಯಲಿಲ್ಲ ಅಂತ ಆರು ತಿಂಗಳು ನೀವೂ ಆಡಿದ್ರಲ್ಲ" ಎಂದೆ. ಒಂದು ವಾರ ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡಿದವು, ನಾವಿಬ್ಬರೂ ಆಡಲಿಲ್ಲ. ಆದರೆ ಒಳಗೊಳಗೇ ನನಗೂ ಅಪ್ಪನ ಮೇಲೆ ಸಿಟ್ಟಿತ್ತು. ಒಂದು ಗುಟುಕು ನೀರಿಗೆ ಇಷ್ಟು ಬಿಗುಮಾನ ಏಕೆ?

ಮೂರನೆಯ ವರ್ಷದ ಹಬ್ಬಕ್ಕೂ ಅಪ್ಪ ಹಾಗೇ ಎದ್ದು ಹೋದಾಗ ಮಾವ ಶರ್ಟು ಹಾಕಿಕೊಂಡರು. "ಇವತ್ತು ಕೇಳೇಬುಡ್ತೀನಿ. ಒಳ್ಳೆ ಮಾತಲ್ಲಿ ಆದ್ರೆ ಆಯ್ತು, ಇಲ್ದಿದ್ರೆ ಇವತ್ತಿಗೆ ಕೊನೆ" ಎಂದು ಹಿಂದೆಯೇ ಬಸ್‌ಸ್ಟ್ಯಾಂಡಿಗೆ ಹೋದರು. ನಾನು ಬಾಗಿಲಲ್ಲಿ ನಿಂತು ದೇವರೇ ಎಂದುಕೊಂಡೆ.

ಅಲ್ಲಿ ನಡೆದದ್ದನ್ನು ಮಾವ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ನಂಜನಗೂಡು ಬಸ್ಸು ಹೊರಡಲು ನಿಂತಿತ್ತು, ಅದರಲ್ಲಿ ಅಪ್ಪ ಇರಲಿಲ್ಲ. ಸುತ್ತ ನೋಡಿದರೆ ಸ್ಟ್ಯಾಂಡಿನ ಹಿಂದಿನ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾರೆ. ಕಂಡಕ್ಟರ್ ಸೀಟಿ ಊದಿದ, ಡ್ರೈವರ್ ಹಾರ್ನ್ ಮಾಡಿದ, ಬಸ್ಸು ಹೋಗಿಯೇ ಹೋಯಿತು. ಅಪ್ಪ ಇನ್ನೂ ಗೋಡೆ ಹತ್ತಿರವೇ ಇದ್ದರು, ಒಂದು ಕೈ ಗೋಡೆಗೆ ಊರಿಕೊಂಡು. ಮಾವನಿಗೆ ಕೇಳಬೇಕೆಂದು ಬಂದ ಮಾತೆಲ್ಲ ಮರೆತುಹೋಯಿತಂತೆ. ಏಕೆಂದರೆ ಅವರೂ ವರ್ಷದಿಂದ ಬಚ್ಚಲಲ್ಲಿ ಹಾಗೇ ಗೋಡೆ ಹಿಡಿದು ನಿಲ್ಲುತ್ತಿದ್ದರು.

"ಎಷ್ಟು ದಿವ್ಸದಿಂದ ಬೀಗ್ರೇ?" ಎಂದು ಕೇಳಿದರಂತೆ.

"ಏನು?" ಎಂದರಂತೆ ಅಪ್ಪ.

"ನಂಗೂ ಅದೆ ಕಣ್ರೀ. ಹೇಳಿ."

ಆಗ ಅಪ್ಪ ಬಾಯಿ ಬಿಟ್ಟರು. ನೀರು ಕುಡಿದರೆ ಬಸ್ಸಿನಲ್ಲಿ ತಡೆಯಲು ಆಗುವುದಿಲ್ಲ, ಇಳಿದು ನಿಂತರೆ ಬೇಗ ಬರುವುದಿಲ್ಲ, ಉರಿ ಬೇರೆ. ಹಾಗಾಗಿ ಎಲ್ಲಿಗಾದರೂ ಹೊರಡುವ ಹಿಂದಿನ ಸಂಜೆಯಿಂದಲೇ ನೀರು ನಿಲ್ಲಿಸಿಬಿಡುತ್ತಿದ್ದರು. ಬೀಗರ ಮನೆಯಲ್ಲಿ ಹೆಂಗಸರ ಮುಂದೆ ಬಚ್ಚಲು ಎಲ್ಲಿ ಎಂದು ಪದೇ ಪದೇ ಕೇಳುವುದು ಹೇಗೆ? ಮಾವ ಅವರನ್ನು ಕೈ ಹಿಡಿದು ಮನೆಗೆ ವಾಪಸು ಕರೆದುಕೊಂಡು ಬಂದರು. "ನೀರು ತಗೊಂಡ್ ಬಾ" ಎಂದು ಅತ್ತೆಗೆ ಹೇಳಿದರು. ಅಪ್ಪ ಚೊಂಬು ಎತ್ತಿ ಗಟಗಟ ಕುಡಿದದ್ದನ್ನು ನೋಡಿ ಅತ್ತೆ ಏನೂ ಅರ್ಥವಾಗದೆ ಇನ್ನೊಂದು ಚೊಂಬು ತಂದರು. ರಾತ್ರಿ ಗಂಡನಿಂದ ನನಗೆ ವಿಷಯ ತಿಳಿಯಿತು. ಮೂರು ವರ್ಷ ಅಪ್ಪನನ್ನು ಬೈದುಕೊಂಡದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಅಪ್ಪ ಬಚ್ಚಿಟ್ಟದ್ದಕ್ಕೆ ಬರೀ ನಾಚಿಕೆ ಕಾರಣವಲ್ಲ. ಅವರ ಅಣ್ಣ, ನಮ್ಮ ದೊಡ್ಡಪ್ಪ, ನಾನು ಕಾಲೇಜು ಓದುತ್ತಿದ್ದಾಗ ಸೊಂಟ ನೋವು ಎಂದು ಮಲಗಿದರು. ಎಣ್ಣೆ ತಿಕ್ಕುವವರು, ನಾಟಿ ಔಷಧಿಯವರು ಎಲ್ಲ ಬಂದು ಹೋದರು. ವರ್ಷ ಕಳೆದ ಮೇಲೆ ಮೈಸೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ, ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತದೆ, ಅದಕ್ಕೆ ಕ್ಯಾನ್ಸರ್ ಆಗಿ ಮೂಳೆಗೆಲ್ಲ ಇಳಿದಿದೆ ಎಂದರು. ಕಾಯಿಲೆ ಬೆಳೆಯದಿರಲಿ ಎಂದು ಆಪರೇಷನ್ ಮಾಡಿ ಬೀಜ, ಅಂದರೆ ಎರಡೂ ವೃಷಣ, ತೆಗೆದು ಕಳಿಸಿದರು. ದೊಡ್ಡಪ್ಪ ಮನೆಗೆ ಬಂದು ಕೆಲವು ತಿಂಗಳು ಬದುಕಿದ್ದರು. ಆ ತಿಂಗಳುಗಳಲ್ಲಿ ಊರಿನ ಕೆಲವರು ಆಡಿಕೊಂಡು ನಕ್ಕ ಮಾತು ಅಪ್ಪನ ಕಿವಿಗೆ ಬಿದ್ದಿತ್ತು. ಅಪ್ಪ ಅಣ್ಣನ ಸಾವಿಗೆ ಅತ್ತದ್ದಕ್ಕಿಂತ ಹೆಚ್ಚಾಗಿ ಆ ಮಾತಿಗೆ ಅತ್ತರು.

"ಎತ್ಗೆ ಮಾಡ್ದಂಗೆ ಮಾಡ್ಬುಟ್ರು ನಮ್ಮಣ್ಣಂಗೆ" ಎಂದು ಅವ್ವನ ಹತ್ತಿರ ಹೇಳುತ್ತಿದ್ದರಂತೆ. "ನಂಗೇನಾರ ಅದು ಬಂದ್ರೆ ಸಾಯ್ತೀನೇ ವರ್ತು ಆಸ್ಪತ್ರೆ ಮೆಟ್ಲು ಅತ್ತಾಕಿಲ್ಲ."

ಎರಡು ಸಾವಿರದ ಇಸವಿ ದಾಟಿದ ಮೇಲೆ ಇದಕ್ಕೊಂದು ರಕ್ತ ಪರೀಕ್ಷೆ ಇದೆ ಎಂಬ ಮಾತು ನಮ್ಮ ಕಡೆಗೂ ಬಂದಿತ್ತು. ಅದರ ಹೆಸರು ಪಿ.ಎಸ್.ಎ. ಆ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪದಾರ್ಥ ಎಷ್ಟಿದೆ ಎಂದು ನೋಡುತ್ತಾರೆ, ನಾಲ್ಕರೊಳಗೆ ಇದ್ದರೆ ಒಳ್ಳೆಯದು ಎನ್ನುತ್ತಾರೆ. ಮಾವ ಪೇಪರಿನಲ್ಲಿ ಓದಿದ್ದರು. ಪರೀಕ್ಷೆ ಎಂದರೆ ಮಾವನಿಗೆ ಮೊದಲಿನಿಂದಲೂ ಭಕ್ತಿ. ಅಪ್ಪನಿಗೆ ಹೇಳಿದರೆ ಅಪ್ಪ, "ಗೊತ್ತಾಗ್ದಿದ್ರೆ ಏನೂ ಮಾಡಕಾಗಕಿಲ್ವಲ್ಲ ಬೀಗ್ರೇ. ಗೊತ್ತಾದ್ರೇ ತಾನೆ ಕುಯ್ಯೋದು?" ಎಂದರು.

ಮಾವ ಬಹಳ ಹೊತ್ತು ವಾದ ಮಾಡಿ ಸೋತು, ಕೊನೆಗೆ, "ನಾನೂ ಕೊಡ್ತೀನಿ ನಡೀರಿ. ಇಬ್ರೂ ಒಟ್ಗೇ ಕೊಡಣ" ಎಂದರು. ಹುಡುಗರಿಗೆ ಶಾಲೆಯಲ್ಲಿ ಸೂಜಿ ಚುಚ್ಚಿಸುವಾಗ ಮೇಷ್ಟ್ರು ಮೊದಲು ತೋಳು ಚಾಚುತ್ತಾರಲ್ಲ, ಅದೇ ಉಪಾಯ. ತಮಗೆ ಏನೂ ಇಲ್ಲ, ವಯಸ್ಸಿನದು ಅಷ್ಟೆ ಎಂದು ಅವರಿಗೆ ಪೂರ್ತಿ ನಂಬಿಕೆ. ಹೋದದ್ದು ಅಪ್ಪನ ಧೈರ್ಯಕ್ಕೆ.

ನರಸೀಪುರದ ಲ್ಯಾಬಿನಲ್ಲಿ ರಕ್ತ ತೆಗೆದು ಮೈಸೂರಿಗೆ ಕಳಿಸಿದರು. ಮಾರನೆಯ ದಿನ ಸಂಜೆ ರಿಪೋರ್ಟ್ ಬಂತು. ಅಪ್ಪನದು ಹದಿನೆಂಟು. ಮಾವನದು ಏಳು.

"ಫಸ್ಟ್ ಕ್ಲಾಸು ನಿಮ್ದೇ ಬೀಗ್ರೇ" ಎಂದು ಮಾವ ತಮಾಷೆ ಮಾಡಲು ನೋಡಿದರು. ಅಪ್ಪನ ಮುಖ ನೋಡಿ ನಿಲ್ಲಿಸಿದರು. ಅಪ್ಪ ಆ ಕಾಗದವನ್ನು ಮುಟ್ಟಲೂ ಇಲ್ಲ. ಊರಿಗೆ ಹೋದವರು ಕೊಟ್ಟಿಗೆಗೆ ಹೊಸ ಹೆಂಚು ಹೊದಿಸುತ್ತಿದ್ದುದನ್ನು ಅರ್ಧಕ್ಕೇ ನಿಲ್ಲಿಸಿದರು. ಅವ್ವನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಯಾವ ಬದುವಿನಿಂದ ಯಾವ ಬದುವಿನವರೆಗೆ ನಮ್ಮದು ಎಂದು ತೋರಿಸಿದರು. ಅವ್ವ ಆ ಹೊಲದಲ್ಲಿ ನಲವತ್ತು ವರ್ಷ ಕಳೆ ಕಿತ್ತವಳು! "ನಂಗ್ಯಾಕೆ ತೋರುಸ್ತೀಯ, ನಿಂಗೇ ನಾನು ತೋರುಸ್ಬೇಕು" ಎಂದು ಬೈದು, ಮನೆಗೆ ಬಂದು ಅತ್ತಳು. ಅವತ್ತೇ ದೀಪ ಹಚ್ಚಿ, ಗಂಡನಿಗೆ ಏನೂ ಇಲ್ಲ ಎಂದಾದರೆ ನಂಜನಗೂಡಿನಲ್ಲಿ ಅವನ ಮುಡಿ ಕೊಡಿಸುತ್ತೇನೆ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತಳು.

ಶಾಲೆಗೆ ರಜೆ ಹಾಕಿ ನಾನು ಹೆಮ್ಮರಗಾಲಕ್ಕೆ ಹೋದೆ. ಅಪ್ಪ ಮೈಸೂರಿಗೆ ಬರುವುದಿಲ್ಲ ಎಂದು ಹಟ ಹಿಡಿದರು. ನನಗೆ ಪಿತ್ತ ನೆತ್ತಿಗೇರಿತು. "ದೊಡ್ಡಪ್ಪ ಸತ್ತಿದ್ದು ಡಾಕ್ಟ್ರು ಮಾಡಿದ್ದರಿಂದ ಅಲ್ಲಪ್ಪ. ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಕೂತಿದ್ದರಿಂದ. ನೀನೂ ಹಂಗೇ ಕೂತ್ಕೋ, ನಾನು ಇನ್ನು ಈ ಮನೆಗೆ ಬರಾಕಿಲ್ಲ" ಎಂದೆ. ಅಪ್ಪ, "ಬೀಗ್ರೂ ಬತ್ತಾರಾ?" ಎಂದು ಕೇಳಿದರು.

ಬೀಗರು ಬಂದರು. ಮೈಸೂರಿನಲ್ಲಿ ಮೂತ್ರಕೋಶದ ಕಾಯಿಲೆಗೆಂದೇ ಇದ್ದ ಡಾಕ್ಟರು ಸಮಾಧಾನದ ಮನುಷ್ಯ. ಅಪ್ಪನನ್ನು ಪರೀಕ್ಷೆ ಮಾಡಿ, ಮೂತ್ರ ಪರೀಕ್ಷೆ ಮಾಡಿಸಿ, ಆ ಹದಿನೆಂಟನ್ನು ನೋಡಿ ಗಾಬರಿಯಾಗದೆ ಕೂತಿದ್ದರು.

"ಈ ನಂಬರ್ ಜಾಸ್ತಿ ಆದ ತಕ್ಷಣ ಕ್ಯಾನ್ಸರ್ ಅಂತ ಅಲ್ಲ ಯಜಮಾನ್ರೇ" ಎಂದರು. "ವಯಸ್ಸಾಗಿ ಗ್ರಂಥಿ ಊದಿಕೊಂಡರೂ ಏರುತ್ತೆ. ಸೋಂಕಾದ್ರೂ ಏರುತ್ತೆ. ನಿಮ್ಮ ಮೂತ್ರದಲ್ಲಿ ಕೀವಿದೆ. ನೀರು ಸರಿಯಾಗಿ ಕುಡೀತೀರೋ ಇಲ್ವೋ?"

ನಾನು ಮತ್ತು ಮಾವ ಒಟ್ಟಿಗೇ "ಇಲ್ಲ" ಎಂದೆವು.

ಮಾತ್ರೆ ಬರೆದುಕೊಟ್ಟು, ಸೋಂಕು ಪೂರ್ತಿ ಇಳಿದ ಮೇಲೆ ಮತ್ತೆ ರಕ್ತ ನೋಡೋಣ ಎಂದರು. ಹಾಗೆಯೇ ಮಾವನ ಕಡೆ ತಿರುಗಿ ಅವರದು ಎಷ್ಟು ಎಂದು ಕೇಳಿದರು.

"ನಂದು ಬರೀ ಏಳು ಸಾರ್" ಎಂದರು ಮಾವ.

"ಬರೀ ಏಳು ಅನ್ನೋಕಾಗಲ್ಲ ಮೇಷ್ಟ್ರೇ. ಒಂದ್ಸಲ ನಿಮ್ಮನ್ನೂ ನೋಡ್ತೀನಿ ಬನ್ನಿ." ಮಾವನ ಮೂತ್ರದಲ್ಲಿ ಸೋಂಕು ಇರಲಿಲ್ಲ. ಎರಡನೆಯ ಸಲ ಇಬ್ಬರದೂ ರಕ್ತ ತೆಗೆಯೋಣ, ಇನ್ನೊಂದು ಪರೀಕ್ಷೆಯನ್ನೂ ಸೇರಿಸೋಣ ಎಂದರು. ಆ ಪದಾರ್ಥ ರಕ್ತದಲ್ಲಿ ಎರಡು ಥರ ಇರುತ್ತದಂತೆ. ಸ್ವಲ್ಪ ಬಿಡಿಯಾಗಿ ಓಡಾಡುತ್ತಿರುತ್ತದೆ, ಉಳಿದದ್ದು ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿರುವ ಪಾಲು ಕಡಿಮೆಯಿದ್ದರೆ ಕ್ಯಾನ್ಸರಿನ ಅನುಮಾನ ಜಾಸ್ತಿ, ಹೆಚ್ಚಿದ್ದರೆ ಅನುಮಾನ ಕಡಿಮೆ. ಎಲ್ಲರಿಗೂ ಸೂಜಿ ಹಾಕಿ ಗ್ರಂಥಿಯ ಚೂರು ತೆಗೆಯುವ ಬದಲು, ಯಾರಿಗೆ ತೆಗೆಯಬೇಕೆಂದು ಇದರಿಂದ ಅಂದಾಜಾಗುತ್ತದೆ ಎಂದರು. ಆ ರಕ್ತ ಬೆಂಗಳೂರಿಗೆ ಹೋಗಬೇಕಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಅಪ್ಪನಿಗೆ ಇದನ್ನೆಲ್ಲ ಪಾಠ ಮಾಡಿದರು. "ಬಿಡಿ ಹೆಚ್ಗಿದ್ರೆ ಪಾಸು, ತಿಳೀತಾ?" ಎಂದರು. ಅಪ್ಪ ತಲೆಯಾಡಿಸಿದರು. ಅವರಿಗೆ ತಿಳಿದದ್ದು ಇನ್ನೂ ಒಂದು ತಿಂಗಳು ಹೀಗೇ ಕಾಯಬೇಕು ಎಂಬುದಷ್ಟೇ. ಆ ತಿಂಗಳು ಅವರು ಮಾತ್ರೆ ತಪ್ಪಿಸಲಿಲ್ಲ, ಚೊಂಬುಗಟ್ಟಲೆ ನೀರು ಕುಡಿದರು, ಆದರೆ ಹೆಂಚು ಮಾತ್ರ ಹೊದಿಸಲಿಲ್ಲ.

ಫಲಿತಾಂಶ ಕೇಳಲು ಮೂರು ಜನವೂ ಹೋದೆವು. ಅಪ್ಪನ ನಂಬರು ಹದಿನೆಂಟರಿಂದ ಐದಕ್ಕೆ ಇಳಿದಿತ್ತು. ಬಿಡಿಯಾಗಿರುವ ಪಾಲೂ ಚೆನ್ನಾಗಿತ್ತು. ಗ್ರಂಥಿ ದೊಡ್ಡದಾಗಿದೆ ಅಷ್ಟೆ, ಸೂಜಿ ಹಾಕುವ ಅಗತ್ಯ ಸದ್ಯಕ್ಕೆ ಕಾಣುವುದಿಲ್ಲ, ಮಾತ್ರೆ ತೆಗೆದುಕೊಂಡು ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು ಡಾಕ್ಟರು. ನನಗೆ ಹೋದ ಜೀವ ಬಂತು. ಅಪ್ಪ ಎದ್ದು ನಿಂತು ಎರಡೂ ಕೈ ಮುಗಿದರು. ಆಮೇಲೆ ಡಾಕ್ಟರು, "ಮೇಷ್ಟ್ರೇ, ನಿಮ್ಮದು ಏಳು ಏಳೇ ಇದೆ. ಬಿಡಿ ಪಾಲು ಬಹಳ ಕಮ್ಮಿ ಇದೆ. ನಿಮಗೆ ಸೂಜಿ ಹಾಕಿ ಬಯಾಪ್ಸಿ ಮಾಡಬೇಕು" ಎಂದರು. ಅಪ್ಪ ಮುಗಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಿದ್ದರು. ನಾನು ಯಾರ ಮುಖ ನೋಡಬೇಕೋ ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡಿದೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಇತ್ತು. ಮೂಳೆಗೆ ಹೋಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಸಿಕ್ಕಿದೆ, ಆದರೆ ಸ್ವಲ್ಪ ಜೋರಾಗಿ ಬೆಳೆಯುವ ಜಾತಿ ಎಂದರು. ಬೀಜ ತೆಗೆದು, ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಬೇಕು. ಬೀಜ ತೆಗೆಸಲು ಇಷ್ಟವಿಲ್ಲದವರಿಗೆ ಇಂಜೆಕ್ಷನ್ನೂ ಇದೆ, ಆದರೆ ಅದನ್ನು ತಿಂಗಳುಗಟ್ಟಲೆ ತಪ್ಪದೆ ಹಾಕಿಸಬೇಕು ಎಂದರು. ಮಾವ, "ಒಂದೇ ಸಲಕ್ಕೆ ಮುಗ್ಸಿ ಸಾರ್" ಎಂದರು. ಸಂಜೆ ಬಸ್ಸು ಯಾವುದು ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದರು.

ಅತ್ತೆ ಮಾತ್ರ ಅಡುಗೆಮನೆಯಲ್ಲಿ ಕೂತು ನನ್ನ ಮೇಲೆ ಹರಿಹಾಯ್ದರು. "ಅವ್ರ ಜೊತೆ ಹೋಗ್ದಿದ್ರೆ ಇದೇನೂ ಇರ್ತಿರ್ಲಿಲ್ಲ. ನಿಮ್ಮಪ್ಪಂದ ತಂದು ಇವ್ರ ತಲೆಗೆ ಕಟ್ಟಿದ್ರಿ." ಅದು ಹಾಗಲ್ಲ ಎಂದು ಅವರಿಗೂ ಗೊತ್ತಿತ್ತು. ನಾನು ಜೀವಮಾನದಲ್ಲಿ ಮೊದಲ ಸಲ ಎದುರು ಮಾತಾಡದೆ ಅವರ ಪಕ್ಕದಲ್ಲಿ ಕೂತೆ.

ಅದೇ ಮಾತನ್ನು ಅಪ್ಪ ತಮಗೆ ತಾವೇ ಹೇಳಿಕೊಂಡಿದ್ದರು. ಊರಿನಲ್ಲಿ ಅವ್ವ ಹರಕೆ ತೀರಿಸೋಣ ಎಂದು ಗಂಟುಬಿದ್ದಳು. ನಿನಗೆ ಏನೂ ಇಲ್ಲ ಎಂದಾಯಿತಲ್ಲ, ದೇವರಿಗೆ ಹೇಳಿಕೊಂಡದ್ದನ್ನು ಬಾಕಿ ಇಟ್ಟುಕೊಳ್ಳಬಾರದು, ನಡಿ ನಂಜನಗೂಡಿಗೆ ಎಂದಳು. ಅಪ್ಪ, "ಈಗ ಬ್ಯಾಡ" ಎಂದರು. ಮುಂದಿನ ಸೋಮವಾರವೂ ಅದೇ, ಅದರ ಮುಂದಿನ ಸೋಮವಾರವೂ ಅದೇ. ಊರಿನ ಟೀ ಅಂಗಡಿಯಲ್ಲಿ ಯಾರಾದರೂ ಡಾಕ್ಟರು ಏನೆಂದರು ಎಂದು ಕೇಳಿದರೆ, "ಇನ್ನೂವೆ ನೋಡ್ತಾವ್ರೆ" ಎನ್ನುತ್ತಿದ್ದರು. ಪಾಸಾದವರು ಯಾರಾದರೂ ಫೇಲಾದೆ ಎಂದು ಹೇಳಿಕೊಂಡು ತಿರುಗುತ್ತಾರೆಯೇ ಎಂದು ನಾನು ಒಮ್ಮೆ ರೇಗಿಸಿದೆ. "ಅವ್ರು ನಂಗೋಸ್ಕರ ತೋಳು ಕೊಟ್ಟೋರು ಕಣವ್ವ" ಎಂದು ಎದ್ದು ಹೋದರು.

ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನಮ್ಮೆಲ್ಲರಿಗಿಂತ ಮೊದಲೇ ಅಪ್ಪ ಬಂದು ಕೂತಿದ್ದರು. ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದ ಮನುಷ್ಯ ಮೂರನೇ ಮಹಡಿಯಲ್ಲಿದ್ದರು. ಮಾವ ಹಸಿರು ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತು, ಹೆಂಗಸರು ಆಚೆ ಹೋಗಿ ಎಂದು ಸನ್ನೆ ಮಾಡಿದರು. ನಾವು ಬಾಗಿಲಾಚೆ ನಿಂತೆವು, ಮಾತು ಕೇಳಿಸುತ್ತಿತ್ತು.

"ಬೀಗ್ರೇ, ಎತ್ತು ಸಾಕಿರೋರು ನೀವು. ನಿಜ ಹೇಳಿ. ಆಮೇಲೆ ಹೆಂಗಿರ್ತವೆ ಅವು?"

ಅತ್ತೆ ನನ್ನ ಕೈ ಹಿಡಿದುಕೊಂಡರು.

"ಆಮ್ಯಾಕೇ ಬೀಗ್ರೇ ಅವು ಚೆಂದಾಗಿ ಗೇಯೋದು. ಅಳ್ಳಿ ಮೇಲೆ ಯಾರ್ನಾರ ಕೇಳಿ. ವರ್ಸಾನುಗಟ್ಲೆ ಗೇಯ್ತವೆ."

ಒಳಗೆ ಮಾವ ನಕ್ಕರು. ಅಪ್ಪ ಹೊರಗೆ ಬಂದವರು ನಮ್ಮ ಕಡೆ ನೋಡದೆ ಕಾರಿಡಾರಿನ ತುದಿಗೆ ಹೋಗಿ, ಟವಲಿನಲ್ಲಿ ಮುಖ ಮುಚ್ಚಿಕೊಂಡು ನಿಂತರು.

ಆಮೇಲೆ ಕರೆಂಟ್ ಕೊಡುವ ವಾರಗಳು. ಸೋಮವಾರದಿಂದ ಶುಕ್ರವಾರದವರೆಗೆ ಮಾವ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರುತ್ತಿದ್ದರು. ನನಗೆ ಶಾಲೆ, ಗಂಡನಿಗೆ ಡ್ಯೂಟಿ. ಅಪ್ಪ ನಂಜನಗೂಡಿನ ಮೇಲೆ ಮೈಸೂರಿಗೆ ಬಂದು, ನರಸೀಪುರದ ಬಸ್ಸು ನಿಲ್ಲುವ ಕಡೆ ಕಾದಿದ್ದು, ಮಾವ ಇಳಿದ ಕೂಡಲೇ ಅವರ ಚೀಲ ಇಸಿದುಕೊಳ್ಳುತ್ತಿದ್ದರು. ಮಧ್ಯಾಹ್ನ ಮಾವನನ್ನು ನರಸೀಪುರದ ಬಸ್ಸಿಗೆ ಹತ್ತಿಸಿ ತಾವು ಊರಿಗೆ ಹೋಗುತ್ತಿದ್ದರು. ಬೇಡ ಎಂದರೆ ಕೇಳುತ್ತಿರಲಿಲ್ಲ. ಮಾವ ಸುಸ್ತಾಗಿದ್ದರು, ಮೈ ಬಿಸಿಯೇರಿ ಬೆವರುತ್ತಿದ್ದರು, ಆದರೂ ಕೆಂಪು ಪೆನ್ನು ಬಿಟ್ಟಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಮಾವನ ರಕ್ತ ಮತ್ತೆ ತೆಗೆದರು. ನಂಬರು ಸೊನ್ನೆಯ ಹತ್ತಿರ ಬಂದಿತ್ತು. ಸದ್ಯಕ್ಕೆ ಹಿಡಿತಕ್ಕೆ ಸಿಕ್ಕಿದೆ, ಆದರೆ ತಪ್ಪದೆ ನೋಡುತ್ತಿರಬೇಕು ಎಂದರು ಡಾಕ್ಟರು. ಭಾನುವಾರ ನಾನೇ ಹೆಮ್ಮರಗಾಲಕ್ಕೆ ಹೋದೆ. ಬಸ್ಸು ಇಳಿದರೆ ಅಪ್ಪ ಟೀ ಅಂಗಡಿಯ ಬೆಂಚಿನ ಮೇಲೆ ತಮ್ಮ ವಾರಿಗೆಯವರ ಜೊತೆ ಕೂತಿದ್ದರು. ಅಲ್ಲೇ ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ, ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ, ಸದ್ಯಕ್ಕೆ ಎಂಬುದನ್ನೂ ಸೇರಿಸಿ. ಅಪ್ಪ ಟೀ ಲೋಟ ಕೆಳಗಿಟ್ಟರು.

ಪಕ್ಕದಲ್ಲಿದ್ದವರೊಬ್ಬರು ಎಂದಿನಂತೆ ಕೇಳಿದರು, "ಏನಂದ್ರಂತ್ಲಾ ನಿನ್ ಡಾಕ್ಟ್ರು?"

"ಏನೂ ಇಲ್ವಂತೆ ಕಣ್ಲಾ" ಎಂದರು ಅಪ್ಪ, ಅಂಗಡಿಗೆಲ್ಲ ಕೇಳುವ ಹಾಗೆ. "ನಮ್ಮಿಬ್ರಿಗೂವೆ ಏನೂ ಇಲ್ವಂತೆ."